ತೌಡಿಗೆ ಮಾರಿದ ಮಗು

ನಾನು ಹುಟ್ಟಿದ ದಿನವೇ ನನ್ನನ್ನು ಒಂದು ಮೊರ ತೌಡಿಗೆ ಮಾರಿದರು. ಹೀಗೆಂದರೆ ಹೊರಗಿನವರು ‘ಅಯ್ಯೋ ಪಾಪ’ ಎನ್ನುತ್ತಾರೆ. ಪಾಪವೂ ಇಲ್ಲ, ಗೀಪವೂ ಇಲ್ಲ. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ಹೋಗುತ್ತಿದ್ದರೆ ಮುಂದಿನದನ್ನು ಹೀಗೆ ಮಾರುವುದು ನಮ್ಮ ಕಡೆಯ ಹಳೆಯ ಶಾಸ್ತ್ರ. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಅಂಚಿಗೆ ಇಟ್ಟು ಬರುತ್ತಾರೆ. ನೆರೆಮನೆಯವಳೊಬ್ಬಳು ಬಂದು, “ಅಯ್ಯೋ, ಯಾರೋ ಬಿಸಾಕವ್ರಲ್ಲ” ಎಂದು ಎತ್ತಿಕೊಂಡು, ಅದೇ ಮೊರದ ತುಂಬ ತೌಡು ಕೊಟ್ಟು ಕೊಂಡುಕೊಳ್ಳುತ್ತಾಳೆ. ಯಮ ಹುಡುಕಿಕೊಂಡು ಬಂದರೆ ಹೆತ್ತ ಮನೆಯಲ್ಲಿ ಕೂಸೇ ಇಲ್ಲ. ಕೊಂಡ ಮನೆಯಲ್ಲಿರುವುದು ತೌಡಿನ ಬೆಲೆಯದು, ಅದನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ? ಸಂಜೆಗೆಲ್ಲ ತೌಡು ವಾಪಸ್ ಕೊಟ್ಟು ಕೂಸನ್ನು ಮರಳಿ ತಂದುಕೊಳ್ಳುವುದು ರೂಢಿ. ನಮ್ಮ ಅಜ್ಜಿ ಮರಳಿ ತಂದುಕೊಳ್ಳಲಿಲ್ಲ.

ಅಜ್ಜಿ ಎಂದರೆ ಅಪ್ಪನ ತಾಯಿ. ಹಣೆ ತುಂಬ ವಿಭೂತಿ ಹಚ್ಚಿ, ಮಠದ ಸ್ವಾಮಿಗಳು ಹೇಳಿದ್ದರಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ಕೇಳಿಸಿಕೊಳ್ಳುತ್ತಿದ್ದ ಹೆಂಗಸು. ನನಗಿಂತ ಮುಂಚಿನವು ಅಮ್ಮನ ತವರು ಹಿರೇನಲ್ಲೂರಿನ ಕಡೆ ಹುಟ್ಟಿದ್ದವು. ಎಲ್ಲವಕ್ಕೂ ಹೆಸರು ಬರೆಸಿ, ಕಾರ್ಡು ಮಾಡಿಸಿ, ಲಸಿಕೆ ಹಾಕಿಸಿ ಆಗಿತ್ತು. ಹುಟ್ಟುವಾಗಲೇ ಹೃದಯದಲ್ಲಿ ದೋಷವಿತ್ತು ಎಂದು ಡಾಕ್ಟರು ಬಿಡಿಸಿ ಹೇಳಿದ್ದರಂತೆ. ಒಂದೂ ವರ್ಷ ದಾಟಲಿಲ್ಲ. ಡಾಕ್ಟರ ಮಾತು ಅಜ್ಜಿಯ ಕಿವಿಗೆ ಬೀಳಲಿಲ್ಲ. ಬರೆಸಿದ್ದೇ ತಪ್ಪಾಯಿತು ಎಂದುಕೊಂಡಳು. “ಬರ್ಸಿದ್ರೆ ಅವ್ನಿಗೂ ಗೊತ್ತಾಗುತ್ತೆ ಕಣೇ. ಅವ್ನತ್ರಾನೂ ಗುಮಾಸ್ತ ಇರ್ತಾನೆ,” ಎಂದು ಸೊಸೆಗೆ ಹೇಳಿದಳಂತೆ. ಅವನು ಎಂದರೆ ಯಮ. ನಮ್ಮ ಮನೆಯಲ್ಲಿ ಅವನ ಹೆಸರು ಹೇಳುತ್ತಿರಲಿಲ್ಲ.

ಹಾಗಾಗಿ ಅಮ್ಮನನ್ನು ನನ್ನ ಸಲ ತವರಿಗೆ ಕಳಿಸದೆ, ಅಜ್ಜಂಪುರದಲ್ಲಿ, ಸ್ಟೇಷನ್ನಿನ ಹತ್ತಿರದ ನಮ್ಮ ಮನೆಯಲ್ಲೇ ಬಾಗಿಲು ಹಾಕಿಕೊಂಡು ಹೆರಿಗೆ ಮಾಡಿಸಿದರು. ಕೊಂಡವಳು ಪಕ್ಕದ ಮನೆಯ ಹೆಂಗಸು. ಮಂಡಕ್ಕಿ ಹುರಿದು ಮಾರುತ್ತಿದ್ದಳು. ಗಂಡ ಅದೇ ವರ್ಷ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅವಳನ್ನು ನಾನು ಅವ್ವ ಎಂದು ಕರೆಯಬೇಕು, ಹೆತ್ತವಳನ್ನು ಅಕ್ಕ ಎನ್ನಬೇಕು. ಇದು ಅಜ್ಜಿಯ ಕಟ್ಟಳೆ. ಇಲ್ಲಿ ಬರೆಯುವಾಗ ಅಮ್ಮ ಎನ್ನುತ್ತಿದ್ದೇನೆ. ಬಾಯಲ್ಲಿ ಎಂದೂ ಅಂದಿಲ್ಲ.

ಉಂಡಿದ್ದು, ಮಲಗಿದ್ದು, ಏಟು ತಿಂದಿದ್ದು ಎಲ್ಲ ಹೆತ್ತ ಮನೆಯಲ್ಲೇ. ಆದರೆ ಲೆಕ್ಕದಲ್ಲಿ ನಾನು ಪಕ್ಕದ ಮನೆಯ ಮಗು, ಇವರು ಸಾಕುವವರು. ದೀಪಾವಳಿಗೆ ಮಂಡಕ್ಕಿ ಅವ್ವ ಒಂದು ಬಾಟಲಿ ಎಣ್ಣೆ, ಒಂದು ಲಂಗದ ಬಟ್ಟೆ ತಂದು ಜಗುಲಿಯ ಮೇಲಿಟ್ಟು, “ನನ್ ಮಗೀನ ಸಾಕಿದ್ದಕ್ಕೆ ಕಣ್ರೀ,” ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ ಹೋಗುತ್ತಿದ್ದಳು. ನನಗೆ ಜ್ವರ ಬಂದರೆ ಅಮ್ಮ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ, “ಅವ್ರ್ ಮಗೀಗೆ ಮೈ ಸುಡ್ತೈತೆ,” ಎಂದು ಗೋಡೆಗೆ ಹೇಳುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಮುದ್ದು ಮಾಡುವ ಹಾಗೂ ಇರಲಿಲ್ಲ.

ಅಂಗನವಾಡಿಯವರು ಬಂದರೆ ಅಜ್ಜಿ, “ಈ ಮನೇಲಿ ಕೂಸಿಲ್ಲ ಕಣಮ್ಮ,” ಎನ್ನುವಳು. ಪಕ್ಕದ ಮನೆಗೆ ಹೋದರೆ ಮಂಡಕ್ಕಿ ಅವ್ವ, “ಕೂಸು ಅಲ್ಲೈತೆ ನೋಡ್ರಿ,” ಎನ್ನುವಳು. ರೇಷನ್ ಕಾರ್ಡಿನಲ್ಲಿ ನನ್ನ ಹೆಸರು ಏರಲಿಲ್ಲ. ಶಾಲೆಗೆ ಆಧಾರ್ ಮಾಡುವವರು ಬಂದ ದಿನ ಅಜ್ಜಿ ನನ್ನ ಮೈಗೆಲ್ಲ ಅರಿಶಿನ ಬಳಿದು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, “ಅಮ್ಮ ಎದ್ದವ್ಳೆ,” ಎಂದುಬಿಟ್ಟಳು. ಸೀತಾಳೆ ಸಿಡುಬಿನ ಮನೆ ಎಂದ ಮೇಲೆ ಮುಗಿಯಿತು, ಮೇಷ್ಟರಿರಲಿ, ಬೀದಿಯ ನಾಯಿಯೂ ಹೊಸ್ತಿಲು ತುಳಿಯಲಿಲ್ಲ. ನಾನು ಒಳಗೆ ಕೂತು ಮಂಡಕ್ಕಿ ತಿನ್ನುತ್ತಿದ್ದೆ.

ಶಾಲೆಗೆ ಸೇರಿಸಿದ್ದು ಮಂಡಕ್ಕಿ ಅವ್ವನೇ. ತಾಯಿಯ ಹೆಸರು ಎಂದಲ್ಲಿ ಅವಳ ಹೆಸರು, ತಂದೆಯ ಹೆಸರು ಎಂದಲ್ಲಿ ತೀರಿಹೋದ ಅವಳ ಗಂಡನ ಹೆಸರು ಹೋಯಿತು. ಹೆಡ್‌ಮಾಸ್ಟರಿಗೆ ವಿಷಯ ಗೊತ್ತಿತ್ತು. ನಕ್ಕು ಬರೆದುಕೊಂಡರಂತೆ. ಹುಟ್ಟಿದ ತಾರೀಖು ಕೂಡ ತಮಗೆ ತೋಚಿದ್ದು ಹಾಕಿದರು.

ಈ ಆಟವನ್ನು ಅಪ್ಪ ಒಂದೇ ಸಲ ಕೆಡಿಸಿದ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಬಹುಮಾನ ಕೊಡುವ ದಿನ ಬಂದಿದ್ದ. ಅವನು ಹೆಚ್ಚು ಮಾತಿನ ಮನುಷ್ಯನಲ್ಲ. ಟ್ರ್ಯಾಕ್ಟರಿನಲ್ಲಿ ಈರುಳ್ಳಿ ಹೊಡೆಯುತ್ತಿದ್ದ. ನನ್ನ ಹೆಸರು ಕರೆದಾಗ ಪಕ್ಕದವನ ತೊಡೆ ತಟ್ಟಿ, “ಅವ್ಳು ನನ್ ಮಗ್ಳು ಕಣ್ರೀ,” ಎಂದ. ಎಲ್ಲರಿಗೂ ಕೇಳಿಸಿತು. ನನಗೂ ಕೇಳಿಸಿತು. ಕೈಯಲ್ಲಿ ಬಹುಮಾನದ ಸ್ಟೀಲ್ ಲೋಟ ಹಿಡಿದು ಅವನನ್ನೇ ನೋಡುತ್ತಾ ನಿಂತಿದ್ದೆ. ಅದೇ ತಿಂಗಳು ತರೀಕೆರೆ ರಸ್ತೆಯಲ್ಲಿ ಟ್ರ್ಯಾಕ್ಟರ್ ಮಗುಚಿ ಅಪ್ಪ ಹೋದ. ಬ್ರೇಕ್ ಸವೆದಿತ್ತು. ಅಮ್ಮ ಬ್ರೇಕಿನ ಮಾತನ್ನು ಯಾವತ್ತೂ ಆಡಲಿಲ್ಲ. “ಹುಡುಕ್ಕೊಂಡ್ ಬಂದಿದ್ದು ಯಾರ್ನೋ, ಸಿಕ್ಕಿದ್ದು ಯಾರೋ,” ಎಂದಷ್ಟೇ ಅಂದಳು. ಕೆಲವು ವರ್ಷಕ್ಕೆ ಅಜ್ಜಿಯೂ ಹೋದಳು. ಹೋಗುವ ಮುಂಚೆ ಅಮ್ಮನ ಕೈ ಹಿಡಿದು, ಮದುವೆಯ ದಿನ ಧಾರೆಗೆ ಮುಂಚೆ ಮರಳಿ ಕೊಂಡುಕೊಳ್ಳಬೇಕು, ಅಲ್ಲಿಯ ತನಕ ‘ನಂದು’ ಅನ್ನಕೂಡದು ಎಂದು ಮಾತು ತೆಗೆದುಕೊಂಡಳು.

ಅಮ್ಮ ಈರುಳ್ಳಿ ಮಂಡಿಯಲ್ಲಿ ದಪ್ಪ ಸಣ್ಣ ಆರಿಸುವ ಕೆಲಸಕ್ಕೆ ಹೋಗಿ ನನ್ನನ್ನು ಓದಿಸಿದಳು. ಪಿಯುಸಿಯಲ್ಲಿ ಸೈನ್ಸ್ ತಗೊಂಡೆ. ಅಲ್ಲಿ ಫಿಸಿಕ್ಸ್ ಹೇಳುತ್ತಿದ್ದ ಮೇಡಂ ಒಬ್ಬರಿದ್ದರು. ಸ್ಕಾಲರ್‌ಶಿಪ್ಪು, ಮುಂದೆ ಯಾವ ಕೋರ್ಸು, ಯಾವ ಕೆಲಸ ಎಂದು ದಾರಿ ತೋರಿಸುವುದು ಅವರ ಪಾಲಿಗೆ ಬಂದಿತ್ತು. ಬೇರೆಯವರಾಗಿದ್ದರೆ ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದರು. ಇವರು ಹಾಗಲ್ಲ, ಬೆನ್ನು ಬಿಡದ ಹೆಂಗಸು. ಕಾಗದವಿಲ್ಲದ ಮಕ್ಕಳನ್ನು ಹುಡುಕಿ ಹುಡುಕಿ ಹಿಡಿಯುತ್ತಿದ್ದರು. ಇಟ್ಟಿಗೆ ಗೂಡಿನಿಂದ ಗೂಡಿಗೆ ಅಲೆಯುವವರ ಮಗ, ಬೀರೂರಿನ ಬಯಲಿನಲ್ಲಿ ಗುಡಾರ ಹಾಕಿದವರ ಮಗಳು, ಇಂಥವರು. ಹುಟ್ಟಿದ್ದಕ್ಕೆ, ಇದ್ದದ್ದಕ್ಕೆ ಏನೂ ಸಾಕ್ಷಿ ಇಲ್ಲದವರು. ಆ ಸಾಲಿನಲ್ಲಿ ನಾನು ಹೋಗಿ ನಿಂತಾಗ ಮೇಡಂ ಕನ್ನಡಕ ತೆಗೆದು ನೋಡಿದರು.

“ಅಲ್ಲ ಕಣೇ, ಅವ್ರಿಗೆ ಊರಿಲ್ಲ, ಮನೆಯಿಲ್ಲ. ಸ್ವಂತ ಮನೆ ಇಟ್ಕೊಂಡು ನಿನಗೇನೇ ಬಂದಿತ್ತು ಧಾಡಿ?”

“ನನ್ನನ್ನ ಮಾರಿಬಿಟ್ಟವ್ರೆ ಮೇಡಂ,” ಎಂದೆ.

ಪೂರ್ತಿ ಕೇಳಿದ ಮೇಲೆ ಅವರು ನಗಲೂ ಇಲ್ಲ, ಬೈಯಲೂ ಇಲ್ಲ. “ಒಳ್ಳೆ ಕಥೆ,” ಎಂದಷ್ಟೇ ಅಂದರು.

ವಿಷಯ ಇಷ್ಟು. ಒಂದು ಟ್ರಸ್ಟಿನವರು ಬಡ ಹೆಣ್ಣುಮಕ್ಕಳಿಗೆ ಡಯಾಲಿಸಿಸ್ ಟೆಕ್ನಾಲಜಿ ಓದಿಸುತ್ತಿದ್ದರು. ಶಿವಮೊಗ್ಗದಲ್ಲಿ ಕಾಲೇಜು, ಹಾಸ್ಟೆಲು ಎಲ್ಲ ಅವರದೇ ಖರ್ಚು. ಮುಗಿದ ಮೇಲೆ ಆಸ್ಪತ್ರೆಯಲ್ಲಿ ಕೆಲಸಕ್ಕೂ ಅವರೇ ಸೇರಿಸುತ್ತಾರೆ. ಮೇಡಂ ನನ್ನ ಹೆಸರು ಕಳಿಸಿ, ಪರೀಕ್ಷೆಯೂ ಆಗಿ, ಸೀಟೂ ಸಿಕ್ಕಿತ್ತು. ಜನನ ಪ್ರಮಾಣಪತ್ರ ಮತ್ತು ಆಧಾರ್ ತೋರಿಸಬೇಕು, ಅದೂ ಅವರು ಹೇಳಿದ ಗಡುವಿನೊಳಗೆ. ತೋರಿಸದಿದ್ದರೆ ಸೀಟು ಮುಂದಿನವಳಿಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗಾಯಿತು ನನ್ನ ಪಾಡು. ಇದು ತಪ್ಪಿದರೆ ಏನು ಎಂಬುದೂ ಗೊತ್ತಿತ್ತು. ಲಿಂಗದಹಳ್ಳಿಯ ಕಡೆಯ ಒಂದು ಸಂಬಂಧ ತಯಾರಾಗಿ ಕೂತಿತ್ತು. ಹುಡುಗ ಕೆಟ್ಟವನೇನಲ್ಲ. ಫೋಟೋ ನೋಡಿದ್ದೆ. ಗೋಡೆಯ ಕ್ಯಾಲೆಂಡರ್ ನೋಡಿದಷ್ಟೇ ಅನ್ನಿಸಿತು.

ಆ ದಿನಗಳಲ್ಲಿ ನನಗೆ ಯಾವುದನ್ನು ನೋಡಿದರೂ ಹಾಗೇ. ಬಹಳ ಹೊತ್ತು ಮಡಚಿ ಕೂತ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು. ಸೀಟು ಸಿಕ್ಕಿತು ಎಂದಾಗ ಗೆಳತಿಯರು ಕುಣಿದರು, ನಾನು ಕುಣಿಯಲಿಲ್ಲ. ಕಾಗದವಿಲ್ಲ ಎಂದಾಗ ಮೇಡಂ ತಲೆ ಹಿಡಿದುಕೊಂಡರು, ನಾನು ಹಿಡಿದುಕೊಳ್ಳಲಿಲ್ಲ.

ಮೊದಲು, ನಾನು ಹುಟ್ಟಿದ್ದಕ್ಕೆ ದಾಖಲೆ ಇಲ್ಲ ಎಂಬುದಕ್ಕೆ ಒಂದು ದಾಖಲೆ ಬೇಕಂತೆ. ಅದನ್ನು ಮೇಡಂ ಮಾಡಿಸಿದರು. ನನ್ನ ಹೆಸರು ಹೊತ್ತ ಮೊದಲ ಸರ್ಕಾರಿ ಕಾಗದ ಅದು, ನಾನಿಲ್ಲ ಎಂದು ಹೇಳುವ ಕಾಗದ. ಆಮೇಲೆ ಅರ್ಜಿ ತರೀಕೆರೆಯ ಎ.ಸಿ. ಸಾಹೇಬರ ಮುಂದೆ ಹೋಯಿತು. ಇಷ್ಟು ವರ್ಷ ತಡವಾಗಿ ಜನನ ಬರೆಸಲು ಅವರ ಆದೇಶ ಬೇಕು. ವಿಚಾರಿಸಲು ಗ್ರಾಮ ಲೆಕ್ಕಿಗರು ನಮ್ಮ ಬೀದಿಗೆ ಬಂದರು. ಅರ್ಧ ಬೀದಿ “ಈಯಮ್ಮನ ಮಗಳು” ಎಂದಿತು, ಇನ್ನರ್ಧ ಬೀದಿ “ಆಯಮ್ಮನ ಮಗಳು” ಎಂದಿತು. ಇಬ್ಬರದೂ ಸುಳ್ಳಲ್ಲ. ಪಾಪ, ಲೆಕ್ಕಿಗರು ಬೆವರು ಒರೆಸಿಕೊಂಡು, ಇಬ್ಬರು ಹೆಂಗಸರನ್ನೂ ಕರೆಸುವುದು ಒಳ್ಳೆಯದು ಎಂದು ಬರೆದುಕೊಂಡು ಹೋದರು.

ಮೇಡಂ ಮನೆಗೆ ಬಂದರು. ಅಮ್ಮ ಚಾಪೆ ಹಾಸಿ, ಟೀ ಕೊಟ್ಟು, ಬಾಗಿಲ ಹತ್ತಿರ ನಿಂತಳು.

“ನಿಮ್ಮ ಮಗಳು ಅಂತ ಒಂದು ಮಾತು ಹೇಳಿ ಸಾಕಮ್ಮ. ಶಾಲೆಯ ದಾಖಲೆ ಆಮೇಲೆ ತಿದ್ದಿಸೋಣ,” ಎಂದರು ಮೇಡಂ.

“ಅದೊಂದ್ ಬಿಟ್ಟು ಬೇರೆ ಏನಾದ್ರೂ ಕೇಳಿ ಮೇಡಂ.”

“ನಿಮ್ಮ ಯಜಮಾನರು ಹೋಗಿದ್ದು ಬ್ರೇಕ್ ಹಿಡೀದೆ. ಮಾತಾಡಿದ್ದಕ್ಕಲ್ಲ.”

“ಬ್ರೇಕು ಹಿಂದಿನ ತಿಂಗಳೂ ಹಂಗೇ ಇತ್ತು ಮೇಡಂ. ಅವತ್ತೇ ಯಾಕೆ ಹೋಗ್ಬೇಕಿತ್ತು?”

ಫಿಸಿಕ್ಸ್ ಮೇಡಂ ಟೀ ಕುಡಿದರು.

ಮಂಡಕ್ಕಿ ಅವ್ವನೂ ಬಂದಳು. ಮರಳಿ ಕೊಡಲು ಅವಳಿಗೆ ಏನೂ ಅಡ್ಡಿ ಇರಲಿಲ್ಲ. “ಒಂದ್ ಮೊರ ತೌಡು ಕೊಟ್ಟು ನಿನ್ ಮಗೀನ ನೀನು ತಗಳೇ ಮಾರಾಯ್ತಿ. ನಂಗೂ ವಯಸ್ಸಾಯ್ತು. ನಾಳೆ ನಾನು ಗೊಟಕ್ ಅಂದ್ರೆ ಯಾರತ್ರ ತಗಂತೀಯ?”

“ಅತ್ತೆಗೆ ಮಾತ್ ಕೊಟ್ಟಿದೀನಿ.”

“ನಿಮ್ಮತ್ತೆ ಹೋಗಿ ಯಾವ್ ಕಾಲ ಆಯ್ತು!”

“ಅತ್ತೆ ಹೋದ್ರೆ ಏನಂತೆ. ಅವ್ನು ಹೋಗಿಲ್ವಲ್ಲ.”

ನನಗೆ ರೇಗಿತು. ಜೋಮು ಹಿಡಿದ ಕಾಲನ್ನು ನೆಲಕ್ಕಿಟ್ಟರೆ ಚುಚ್ಚುತ್ತದೆ, ಹಾಗೆ ಒಮ್ಮೆಗೇ ಚುಚ್ಚಿತು. “ಲಿಂಗದಹಳ್ಳಿಗೂ ಹೋಗಲ್ಲ, ಎಲ್ಲಿಗೂ ಹೋಗಲ್ಲ. ಹುಟ್ಟೇ ಇಲ್ಲ ಅಂದ್ಮೇಲೆ ಸತ್ರೆ ನಿಂಗೇನಕ್ಕ ನಷ್ಟ?” ಎಂದುಬಿಟ್ಟೆ.

“ಬಿಡ್ತು ಅನ್ನು!” ಅಮ್ಮ ಓಡಿಬಂದು ನನ್ನ ಬಾಯಿ ಮುಚ್ಚಿದಳು. ಅಂಗೈಯಲ್ಲಿ ಈರುಳ್ಳಿಯ ಘಾಟು. “ಬಿಡ್ತು ಅನ್ನು, ಬಿಡ್ತು ಅನ್ನೇ ಮುಂಡೇದೇ!”

“ಬಿಡ್ತು,” ಎಂದೆ. ಕೈ ತೆಗೆದಳು. ಅಷ್ಟು ಹೊತ್ತಿಗೆ ನನ್ನ ಸಿಟ್ಟು ಇಳಿದು ಮತ್ತೆ ಜೋಮು ಹತ್ತಿತ್ತು. ಆಮೇಲೆ ಅವಳು ನನ್ನ ಹತ್ತಿರ ಮಾತು ಬಿಟ್ಟಳು. ಕೊನೆಗೆ ಒಂದು ದಿನ ಮುದ್ದೆ ತಿರುವುತ್ತಾ, ನನ್ನ ಕಡೆ ನೋಡದೆ, “ಆಯ್ತು, ಹೇಳ್ತೀನಿ ಅಂತ ನಿಮ್ ಮೇಡಂಗೆ ಹೇಳು,” ಎಂದಳು.

ಕರೆದ ದಿನ ತರೀಕೆರೆ ಬಸ್ಸು ಹತ್ತಿದೆವು. ಅಮ್ಮ ಮದುವೆ ಮನೆಗೆ ಉಡುವ ಸೀರೆ ಉಟ್ಟಿದ್ದಳು. ಸೀಟಿದ್ದರೂ ನನ್ನ ಪಕ್ಕ ಕೂರದೆ ಮುಂದೆ ಹೋಗಿ ಕೂತಳು. ನನ್ನ ಪಕ್ಕ ಮಂಡಕ್ಕಿ ಅವ್ವ. ಅವಳು ಹೇಳಬೇಕಾದ್ದು ಇಷ್ಟೇ: ನಾನು ಶಾಸ್ತ್ರಕ್ಕೆ ಕೊಂಡವಳು, ಹೆತ್ತವಳು ಅವಳು. ಅದನ್ನೇ ಬಾಯಿಪಾಠ ಮಾಡುತ್ತಾ, ನಡುವೆ ಮಂಡಕ್ಕಿ ಪೊಟ್ಟಣ ಬಿಚ್ಚಿ ನನ್ನ ಕೈಗೆ ಸುರಿದಳು. ಮೇಡಂ ರಜೆ ಹಾಕಿ ನೇರವಾಗಿ ಕಚೇರಿಯ ಹತ್ತಿರ ಬಂದಿದ್ದರು. ಅಮ್ಮನ ಕೈ ಹಿಡಿದು, “ಹೆದರಬೇಡಿ, ಒಂದೇ ಮಾತು,” ಎಂದರು. ಅಮ್ಮ ತಲೆಯಾಡಿಸಿದಳು.

ಸಾಹೇಬರು ಚಿಕ್ಕ ವಯಸ್ಸಿನವರು. ನೆಗಡಿಯಾಗಿ ಕರ್ಚೀಫು ಮೂಗಿಗೆ ಹಿಡಿದೇ ಮಾತಾಡುತ್ತಿದ್ದರು. ಪಕ್ಕದಲ್ಲಿ ಒಬ್ಬ ಗುಮಾಸ್ತ ಕಂಪ್ಯೂಟರ್ ಮುಂದೆ ಕೂತಿದ್ದ. ಅಮ್ಮ ಅವನನ್ನೇ ನೋಡಿದಳು. ಅಜ್ಜಿ ಹೇಳಿದ್ದ ಗುಮಾಸ್ತ ಅವಳಿಗೆ ನೆನಪಾಗಿದ್ದಾನೆ ಎಂದು ನನಗೆ ಆಗಲೇ ಗೊತ್ತಾಗಬೇಕಿತ್ತು.

“ಈ ಹುಡುಗಿ ನಿಮ್ಮ ಮಗಳೇನಮ್ಮ?”

ಅಮ್ಮ ನನ್ನ ಕಡೆ ತಿರುಗಿ ಕಾಲಿನಿಂದ ತಲೆಯ ತನಕ ನೋಡಿದಳು. ಅಷ್ಟು ಹೊತ್ತು ಅವಳು ನನ್ನನ್ನು ಯಾವತ್ತೂ ನೋಡಿರಲಿಲ್ಲ. ಗುಮಾಸ್ತನ ಬೆರಳು ಬರೆಯಲು ತಯಾರಾಗಿ ಕೀಬೋರ್ಡಿನ ಮೇಲಿತ್ತು.

“ಅಲ್ಲ ಸ್ವಾಮಿ,” ಎಂದಳು.

ಮೇಡಂ “ಅಮ್ಮಾ...” ಎಂದು ಎದ್ದರು. ಸಾಹೇಬರು ಕೈ ಮಾಡಿ ಕೂರಿಸಿದರು.

“ನಮ್ಮನೇಲಿ ಬೆಳೆದಿದ್ದು ನಿಜ ಸ್ವಾಮಿ. ನಂದಲ್ಲ. ಆವಮ್ಮಂದು.”

ಮಂಡಕ್ಕಿ ಅವ್ವ ಬಾಯಿಪಾಠವನ್ನೆಲ್ಲ ಮರೆತು ಅಮ್ಮನ ಮುಖ ನೋಡಿದಳು. ಅಮ್ಮ ಕಣ್ಣು ಮಿಟುಕಿಸಲಿಲ್ಲ, ತಲೆಯಾಡಿಸಲಿಲ್ಲ, ಸುಮ್ಮನೆ ಅವಳನ್ನೇ ನೋಡುತ್ತಾ ನಿಂತಳು. ಅಷ್ಟು ವರ್ಷ ಒಂದೇ ಗೋಡೆಯ ಆಚೀಚೆ ಇದ್ದವರು. ಮಂಡಕ್ಕಿ ಅವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

“ಹೌದು ಸ್ವಾಮಿ. ನಂದೇ.”

“ಹೆರಿಗೆ ಎಲ್ಲಾಯಿತು?”

“ಮನೇಲೇ ಸ್ವಾಮಿ. ಸೂಲಗಿತ್ತಿ ಬಂದಿದ್ಲು.”

“ಯಾವತ್ತು, ನೆನಪಿದೆಯಾ?”

“ಇಲ್ದೆ ಏನ್ ಸ್ವಾಮಿ? ಶಿವರಾತ್ರಿ ಆಗಿತ್ತು. ಹಿಂದಿನ್ ದಿನ ಸಂಜೆ ಬೇನೆ ಶುರುವಾಯ್ತು. ಕೂಸು ತಿರುಗೈತೆ, ಕಾಲ್ ಮುಂದಾಗಿ ಬತ್ತೈತೆ ಅಂತ ಸೂಲಗಿತ್ತಿ ಹೆದರ್ಸಿದ್ಲು. ಹಗ್ಗ ಹಿಡ್ಕೊಂಡು ಕೈಯೆಲ್ಲ ಕಿತ್ತೋಯ್ತು. ಬೆಳಿಗ್ಗೆ ಹಾಲ್ ಕರೆಯೊ ಹೊತ್ಗೆ ಹುಟ್ತು.”

“ಹಾಲ್ ಕರೆಯೊ ಹೊತ್ತಲ್ಲ,” ಎಂದಳು ಅಮ್ಮ. “ಬೆಳಿಗ್ಗೆ ರೈಲು ಹೋದ್ಮೇಲೆ.”

ಕಂಪ್ಯೂಟರಿನ ಸದ್ದು ನಿಂತಿತು. ಸಾಹೇಬರು ಮೂಗಿನ ಕರ್ಚೀಫು ಕೆಳಗಿಳಿಸಿದರು.

“ನಿಮಗೆ ಹೇಗಮ್ಮ ಗೊತ್ತು?”

“ಪಕ್ಕದ್ ಮನೆ ಅಲ್ವಾ ಸ್ವಾಮಿ. ಕೂಗು ಕೇಳ್ಸುತ್ತೆ.”

ಅವರು ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಮೂಗು ಅಮ್ಮನದೇ ಎಂದು ಬೀದಿಯವರೆಲ್ಲ ಹೇಳುತ್ತಾರೆ. “ನೀನೇನು ಹೇಳ್ತೀಯಮ್ಮ?” ಎಂದು ನನ್ನನ್ನು ಕೇಳಿದರು.

ಹೇಳಬಹುದಿತ್ತು. ಹೇಳಿದರೆ ಮತ್ತೆ ವಿಚಾರಣೆ, ಮತ್ತೆ ಬೀದಿ, ಮತ್ತೆ ಲೆಕ್ಕಿಗರು. ಗಡುವು ದಾಟಿ ಸೀಟು ಹೋಗುತ್ತಿತ್ತು. ಹೇಳದಿದ್ದರೆ ಶಾಲೆಯ ದಾಖಲೆಯಲ್ಲಿರುವ ತಂದೆತಾಯಿಯ ಹೆಸರಿಗೂ ಮಂಡಕ್ಕಿ ಅವ್ವನ ಮಾತಿಗೂ ಸರಿಹೋಗುತ್ತದೆ. ತಲೆ ಅದನ್ನೆಲ್ಲ ತಣ್ಣಗೆ ಕೂಡಿ ಕಳೆಯಿತು. ಎದೆಯಲ್ಲಿ ಏನೂ ಇರಲಿಲ್ಲ. ಬಡಿದುಕೊಂಡಿದ್ದರೆ ನನಗೇ ಸಮಾಧಾನವಾಗುತ್ತಿತ್ತು.

“ಏನಿಲ್ಲ ಸಾರ್,” ಎಂದೆ.

ಮುಂದಿನದೆಲ್ಲ ಸಲೀಸು. ಅವರು ಹೇಳುತ್ತಾ ಹೋದರು, ಗುಮಾಸ್ತ ಬರೆಯುತ್ತಾ ಹೋದ, ಮಂಡಕ್ಕಿ ಅವ್ವ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದು ಹುಣಸೆ ಮರದ ಕೆಳಗೆ ಕೂತು ಗೊಳೋ ಎಂದು ಅತ್ತವಳು ಅವಳೇ. “ಹೆರದೇ ಇರೋಳು ಹೆತ್ತೆ ಅಂದ್ಬಿಟ್ಟೆ ಕಣೇ. ನನ್ ಬಾಯಿಗ್ ಹುಳ ಬೀಳ!” ಎಂದು ಬಡಿದುಕೊಂಡಳು. ಅಮ್ಮ ಅವಳ ಬೆನ್ನು ಸವರಿ ನೀರು ಕುಡಿಸಿದಳು. ಮೇಡಂ ನನ್ನ ಹೆಗಲ ಮೇಲೆ ಕೈ ಇಟ್ಟು, “ಇರ್ಲಿ ಬಿಡೇ, ಕೆಲಸ ಆಯ್ತು,” ಎಂದರು. ನಾನು ಬಸ್ಸಿನ ಹೊತ್ತು ನೋಡಿದೆ.

ಕೆಲಸವೇನೋ ಆಯಿತು. ಜನನ ಪತ್ರದ ಹಿಂದೆ ಆಧಾರ್ ಬಂತು, ಬ್ಯಾಂಕಿನ ಖಾತೆ ಬಂತು. ಗಡುವಿನೊಳಗೆ ಎಲ್ಲವನ್ನೂ ಒಯ್ದು ತೋರಿಸಿ ಶಿವಮೊಗ್ಗದ ಹಾಸ್ಟೆಲಿಗೆ ಟ್ರಂಕು ಇಳಿಸಿದೆ. ಓದಿದೆ. ಈಗ ಕಡೂರಿನ ಕಡೆ ಒಂದು ಆಸ್ಪತ್ರೆಯ ಡಯಾಲಿಸಿಸ್ ಮಷೀನಿನ ಪಕ್ಕ ನನ್ನ ಕೆಲಸ. ರಜೆಯ ದಿನ ಮೇಡಂ ಕರೆದರೆ ಹೋಗಿ ಕಾಗದವಿಲ್ಲದ ಮಕ್ಕಳ ಜೊತೆ ಕಚೇರಿಗಳಿಗೆ ಅಲೆಯುತ್ತೇನೆ. ಗುಡಾರದ ಹುಡುಗಿ ನರ್ಸಿಂಗ್ ಸೇರಿದಳು. ಇಟ್ಟಿಗೆ ಗೂಡಿನ ಹುಡುಗನದು ಇನ್ನೂ ಆಗಿಲ್ಲ. ಅವನ ತಾಯಿ ಕಚೇರಿಯ ಮೆಟ್ಟಿಲಲ್ಲೇ, ಕೇಳುವ ಮುಂಚೆಯೇ, “ನನ್ ಮಗ, ನನ್ ಮಗ,” ಎಂದು ಎಲ್ಲರಿಗೂ ಹೇಳುತ್ತಾಳೆ. ಅವಳು ಹಾಗೆ ಕೂಗುವಾಗ ನಾನು ಬೇರೆ ಕಡೆ ನೋಡುತ್ತೇನೆ. ಹೊಟ್ಟೆಕಿಚ್ಚು ಎಂದು ಬೇಕಾದರೆ ಅನ್ನಿ.

ಆ ಜನನ ಪತ್ರ ಕೈಗೆ ಸಿಕ್ಕ ದಿನ ನಾನೊಬ್ಬಳೇ ಹೋಗಿ ತಂದೆ. ಮಧ್ಯಾಹ್ನ ಮನೆಗೆ ಬಂದಾಗ ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ತರೀಕೆರೆಯಿಂದ ಬಂದ ಮೇಲೆ ಅವಳು ಸರಿಯಾಗಿ ಊಟ ಮಾಡಿರಲಿಲ್ಲ. ನಾನು ಹೊರಗೆ ಹೋದರೆ ಬರುವ ತನಕ ಬಾಗಿಲಲ್ಲೇ ಇರುತ್ತಿದ್ದಳು. ನನ್ನ ಕೈಯಲ್ಲಿದ್ದ ಹಾಳೆ ನೋಡಿ ಜರಡಿ ಕೆಳಗಿಟ್ಟಳು. ಅವಳಿಗೆ ಓದಲು ಬರುವುದಿಲ್ಲ.

“ಓದು,” ಎಂದಳು.

ಓದಿದೆ. ನನ್ನ ಹೆಸರು, ಹುಟ್ಟಿದ ದಿನ, ಊರು. ತಾಯಿಯ ಹೆಸರು ಎಂದಲ್ಲಿ ಮಂಡಕ್ಕಿ ಅವ್ವನದು. ತಂದೆಯ ಹೆಸರು ಎಂದಲ್ಲಿ ಅವಳ ಗಂಡನದು.

“ಅವ್ರದು ಎಲ್ಲೂ ಇಲ್ವಾ?”

ಅಪ್ಪನದು. “ಇಲ್ಲ,” ಎಂದೆ.

“ನಂದು?”

“ಇಲ್ಲ.”

“ಹಿಂದ್ಗಡೆ ನೋಡು.”

ತಿರುಗಿಸಿದೆ. ಹಿಂದೆ ಖಾಲಿ. ಮುಂದಿನ ಸೀಲಿನ ನೀಲಿ ಸ್ವಲ್ಪ ಒತ್ತಿಬಂದಿತ್ತು ಅಷ್ಟೇ. “ಎಲ್ಲೂ ಇಲ್ಲ,” ಎಂದೆ.

“ಇನ್ನೊಂದ್ ಸಲ ಓದು.”

ಇನ್ನೊಂದು ಸಲ ಓದಿದೆ. ಅಮ್ಮ ಸೀಲಿನ ಮೇಲೆ ಬೆರಳಾಡಿಸಿ, ಅದು ಅಳಿಸುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಉಸಿರು ಬಿಟ್ಟು, “ಸದ್ಯ!” ಎಂದಳು. “ಸರ್ಕಾರದೋರೇ ಸೀಲ್ ಹಾಕಿ ಬರ್ಕೊಟ್ಟವ್ರೆ, ನಂದಲ್ಲ ಅಂತ. ಇನ್ ಅವ್ನೇ ಬಂದ್ ಕೇಳಿದ್ರೂ ತೋರ್ಸಬೌದು.”

ಹಿಟ್ಟಿನ ಕೈಯಲ್ಲೇ ನನ್ನ ಮುಖ ಹಿಡಿದು ಹತ್ತಿರ ಎಳೆದುಕೊಂಡಳು. ಕೆನ್ನೆ ನೀವಿ, ಎರಡೂ ಕೈಯ ಬೆರಳು ತನ್ನ ಹಣೆಗೊತ್ತಿ ನೆಟಿಗೆ ಮುರಿದಳು. ಬಾಗಿಲು ತೆರೆದೇ ಇತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಅವಳು ದನಿ ತಗ್ಗಿಸಲಿಲ್ಲ.

“ಬಾ ಮಗಳೇ,” ಎಂದಳು. “ಬಾ ನನ್ ಮಗಳೇ, ಉಣ್ಣು ಬಾ.”

ಆಗಲಾದರೂ ಅಳು ಬರಬೇಕಿತ್ತು. ಬರಲಿಲ್ಲ. ಕೈ ತೊಳೆದು ತಟ್ಟೆಯ ಮುಂದೆ ಕೂತೆ.